ಆರು ವೋಲ್ಟಿನ ಗಾಡಿಯ ಮೇಲೊಂದು ಭೋಂಗಾ

ಗಾಡಿ ಆರು ವೋಲ್ಟಿನದು, ಮಷೀನು ಹನ್ನೆರಡು ವೋಲ್ಟಿನದು. ಇಷ್ಟನ್ನು ಆ ಮ್ಯಾನೇಜರನ ತಲೆಗೆ ಹಾಕುವುದರಲ್ಲೇ ನನ್ನ ಅರ್ಧ ದಿನ ಹೋಯಿತು.

"ಬ್ಯಾಟರಿ ಐತಲ್ರಿ ಮಿಸ್ತ್ರಿ. ಎರಡು ವಾಯರ್ ತಗೊಂಡು ಜೋಡಿಸಿ ಬಿಡ್ರಿ. ಅದರಾಗ ಏನೈತಿ ಅಂಥಾದ್ದು?" ಎಂದು ಮೂರು ಸಲ ಕೇಳಿದ. ಆಗೂದಿಲ್ಲರೀ ಎಂದು ನಾನೂ ಮೂರು ಸಲ ಹೇಳಿದೆ. ಆಗ ಎದುರಿಗೆ ನಿಂತು ರೀ ಹಚ್ಚಿಯೇ ಮಾತಾಡುತ್ತಿದ್ದೆ. ಈಗ ಬರೆಯಲು ಕೂತರೆ ಆ ಮನುಷ್ಯನಿಗೆ ಬಹುವಚನ ಹಾಕಲು ಕೈ ಬರುತ್ತಿಲ್ಲ, ಓದುವವರು ಕ್ಷಮಿಸಬೇಕು.

ಎಂಬತ್ತರ ದಶಕ ಶುರುವಾದ ಹೊಸತು. ದಾಂಡೇಲಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ. ಲಾರಿಗಳ ಡೈನಮೋ ಕಟ್ಟುವುದು, ಹೆಡ್‌ಲೈಟಿನ ವಾಯರ್ ಎಳೆಯುವುದು ಕೆಲಸ. ಜೋಯಿಡಾ ಕಡೆ ಕಾಡಿನೊಳಗೆ ರಸ್ತೆ ಕಡಿಯುತ್ತಿದ್ದ ಗುತ್ತಿಗೆದಾರನೊಬ್ಬನ ಲಾರಿಗಳೆಲ್ಲ ನನ್ನ ಕಡೆಗೇ ಬರುತ್ತಿದ್ದವು. ಈ ಮ್ಯಾನೇಜರು ಅವನ ಸೈಟು ನೋಡಿಕೊಳ್ಳುತ್ತಿದ್ದವ.

ಅಲ್ಲಿ ದಿನವೂ ಸಂಜೆ ನಾಲ್ಕೂವರೆಗೆ ಗುಡ್ಡದ ಬಂಡೆಗೆ ಸುರಂಗ ಹಚ್ಚಿ, ಅಂದರೆ ತೂತು ಕೊರೆದು ಮದ್ದು ತುಂಬಿ, ಹಾರಿಸುತ್ತಿದ್ದರು. ಗುಡ್ಡದ ಕೆಳಗೆ ಹಳ್ಳದ ದಂಡೆಗೆ ಕೂಲಿಯವರ ಗುಡಿಸಲುಗಳು. ಅದಕ್ಕೂ ಆಚೆ, ಕೊಂಕಣಿ ಮಾತಾಡುವ ಕಾಡಿನ ಜನ ಕುಣಬಿಗಳ ನಾಲ್ಕಾರು ಮನೆ. ಮೊದಲು ಒಬ್ಬ ಕೆಂಪು ಬಾವುಟ ಹಿಡಿದು ಸೀಟಿ ಊದುತ್ತ ಓಡಾಡುತ್ತಿದ್ದ. ಸರಕಾರದ ಕಡೆಯಿಂದ ಕೆಲಸ ನೋಡಲು ಬಂದ ಇಂಜಿನಿಯರರು, ಇದು ಸಾಲದು, ಭೋಂಗಾ ಕಟ್ಟಿಸಿ ಎಂದು ಬರೆದು ಹೋದರು. ಹಾಗಾಗಿ ಮದುವೆ ಮನೆಗಳಲ್ಲಿ ಹಾಡು ಹಚ್ಚುವಂಥ ಒಂದು ಆಂಪ್ಲಿಫೈಯರು, ಅಂದರೆ ನಾವು ಮಷೀನು ಎನ್ನುವುದು, ಧ್ವನಿ ದೂರ ಹೋಗಲು ಅಗಲ ಬಾಯಿಯ ಒಂದು ಭೋಂಗಾ, ಒಂದು ಮೈಕು ತಂದರು. ಗುಡಿಸಲುಗಳ ಕಡೆಗಿನ ಹಾದಿಯಲ್ಲಿ ಜೀಪು ಇಳಿಯುವುದಿಲ್ಲ. ಹಾಗಾಗಿ ಗುತ್ತಿಗೆದಾರನ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಮೋಟಾರ್ ಸೈಕಲ್ಲು ಕೆಲಸಕ್ಕೆ ಬಂತು.

ಅದನ್ನು ಓಡಿಸಿಕೊಂಡು ಹೋಗಿ ಕೆಳಗಿನವರಿಗೆ ಮೈಕಿನಲ್ಲಿ ಎಚ್ಚರಿಕೆ ಕೂಗಲು ನೇಮಿಸಿಕೊಂಡದ್ದು ಹಳಿಯಾಳ ತಾಲ್ಲೂಕಿನ ಒಂದು ಸಿದ್ದಿ ಹಳ್ಳಿಯವನನ್ನು, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲದವನನ್ನು. ಮೂವತ್ತು ದಾಟಿದ ಸಂಸಾರಸ್ಥ. ಕನ್ನಡ, ಕೊಂಕಣಿ, ಮರಾಠಿ ಮೂರೂ ನೀರು ಕುಡಿದಂತೆ ಮಾತಾಡುತ್ತಿದ್ದ. ಗಾಡಿಯನ್ನೂ ಹಾಗೆಯೇ ಓಡಿಸುತ್ತಿದ್ದ. ಖಾಯಂ ಮಾಡುತ್ತೇವೆ ಎಂದು ಅವನಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿ ಅವನು ಹೆಂಡತಿ ಮಕ್ಕಳನ್ನೂ ಸೈಟಿಗೆ ಕರೆದುಕೊಂಡು ಬಂದಿದ್ದ. ಇನ್ನು ಮುಂದೆ ಅವನನ್ನು ಸವಾರ ಎಂದೇ ಕರೆಯುತ್ತೇನೆ.

ವಾಯರಿಂಗಿಗೆ ನನ್ನನ್ನು ಸೈಟಿಗೇ ಕರೆಸಿದ್ದರು. ಕೆಲಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾಕೆಂದು ತಿಳಿಯುವುದಿಲ್ಲ. ಆರು ವೋಲ್ಟಿನ ಗಾಡಿಯಿಂದ ಹನ್ನೆರಡು ವೋಲ್ಟ್ ಬೇಕೆಂದರೆ ಇನ್ನೊಂದು ಆರು ವೋಲ್ಟಿನ ಬ್ಯಾಟರಿ ಬೇಕು. ಒಂದರ ಹೆಗಲ ಮೇಲೆ ಇನ್ನೊಂದು ನಿಂತಂತೆ ಜೋಡಿಸಿದರೆ ಹನ್ನೆರಡು ಸಿಗುತ್ತದೆ. ಆದರೆ ಹಾಗೆ ನಿಂತೇ ಇದ್ದರೆ ಗಾಡಿಯ ಡೈನಮೋ ಎರಡನೆಯದನ್ನು ಚಾರ್ಜು ಮಾಡಲಾರದು. ಗಾಡಿ ಓಡುವಾಗ ಎರಡೂ ಪಕ್ಕಪಕ್ಕ ನಿಲ್ಲಬೇಕು, ಕೂಗುವಾಗ ಒಂದರ ಮೇಲೊಂದು ನಿಲ್ಲಬೇಕು. ಇದಕ್ಕೆ ನಾನು ಎರಡು ಕಡೆ ಬೀಳುವ ಒಂದು ದೊಡ್ಡ ಸ್ವಿಚ್ಚು ಹುಡುಕಿ ತಂದೆ. ಹಿಡಿ ಕೆಳಗಿದ್ದರೆ ಚಾರ್ಜು, ಆಗ ಮಷೀನಿಗೆ ಕರೆಂಟೇ ಇಲ್ಲ. ಹಿಡಿ ಮೇಲೆತ್ತಿದರೆ ಮಷೀನಿಗೆ ಹನ್ನೆರಡು ವೋಲ್ಟ್. ಬ್ಯಾಟರಿಯಿಂದ ಹೊರಬೀಳುವ ವಾಯರಿಗೆ ಗೇಣುದ್ದದೊಳಗೇ ಒಂದು ಫ್ಯೂಸು ಕೂರಿಸಿದೆ.

ಇಲ್ಲಿಯವರೆಗೆ ಸರಾಗವಾಯಿತು. ತೊಡಕು ಇದ್ದದ್ದು ಬೇರೆ ಕಡೆ. ಆ ಕಾಲದ ಕೆಲವು ಹಳೆ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ಸು ಗಾಡಿಯ ಕಬ್ಬಿಣಕ್ಕೆ ಸೇರಿರುತ್ತಿತ್ತು. ಮಷೀನಿನ ತಗಡಿನ ಪೆಟ್ಟಿಗೆಗೋ ಮೈನಸ್ಸು ಸೇರಿತ್ತು. ಅಂದರೆ ಹಿಡಿ ಮೇಲೆತ್ತಿದಾಗ ಆ ಪೆಟ್ಟಿಗೆ ಗಾಡಿಯ ಕಬ್ಬಿಣಕ್ಕೆ ಎಲ್ಲಿ ತಾಗಿದರೂ ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ಕೂಡಿಸಿದಂತೆ. ಗಾಡಿಯ ಕ್ಯಾರಿಯರ್ ಮೇಲೆ ಬೋಲ್ಟು ಹಾಕಿ ಬಿಗಿಯಬೇಕು, ಆದರೆ ಒಂದಕ್ಕೊಂದು ತಾಗಬಾರದು. ದಪ್ಪನೆಯ ರಬ್ಬರ್ ಬೇಕಿತ್ತು. ಲಾರಿ ಟ್ಯೂಬು ತೆಳುವಾಯಿತು, ಆ ಕಲ್ಲುಹಾದಿಯ ಕುಲುಕಾಟಕ್ಕೆ ಎರಡು ದಿನದಲ್ಲಿ ಹರಿಯುತ್ತದೆ. ಹುಬ್ಬಳ್ಳಿಯಿಂದ ತರಿಸೋಣವೆಂದರೆ ಮ್ಯಾನೇಜರ್ ನಾಳೆಯೇ ಭೋಂಗಾ ಕೂಗಬೇಕು ಎಂದು ತಲೆಯ ಮೇಲೆ ಕೂತಿದ್ದ.

ಸವಾರ ಎದ್ದು ಹೋಗಿ ಗುಡಿಸಲಿನಿಂದ ತನ್ನ ಹಳೆಯ ಹವಾಯಿ ಚಪ್ಪಲಿ ತಂದ. ಪಟ್ಟಿ ಹರಿದಿತ್ತು, ಅಟ್ಟೆ ಗಟ್ಟಿಯಾಗಿತ್ತು. "ಇದು ನಡೀತೈತೇನ್ರಿ ಅಣ್ಣಾ?" ಎಂದ. ನಡೆಯಿತು, ಸೊಗಸಾಗಿ ನಡೆಯಿತು. ತೊಳೆದು, ಹರಿತವಾದ ಚಾಕುವಿನಿಂದ ಪೆಟ್ಟಿಗೆಯ ನಾಲ್ಕು ಮೂಲೆಗೆ ನಾಲ್ಕು ಬಿಲ್ಲೆ, ಬೋಲ್ಟಿನ ತಲೆಗಳ ಕೆಳಗೆ ನಾಲ್ಕು ಬಿಲ್ಲೆ ಕತ್ತರಿಸಿದೆ. ಬೋಲ್ಟುಗಳಿಗೆ ಸೈಕಲ್ಲಿನ ವಾಲ್ ಟ್ಯೂಬು ತೊಡಿಸಿದೆ. ಮೈಕಿನ ಮೈಗೆ ಸೈಕಲ್ ಟ್ಯೂಬು ಸುತ್ತಿದೆ. ಟೆಸ್ಟ್ ಲ್ಯಾಂಪು ಹಿಡಿದು ಹತ್ತು ಕಡೆ ಮುಟ್ಟಿಸಿ ನೋಡಿದೆ, ಎಲ್ಲೂ ತಾಗಿರಲಿಲ್ಲ. ಹಿಡಿ ಎತ್ತಿದ ಕೂಡಲೇ ಭೋಂಗಾ ಗುಡ್ಡಕ್ಕೆ ಗುಡ್ಡ ನಡುಗುವಂತೆ ಕೂಗಿತು.

ಹೊರಡುವ ಮುಂಚೆ ಮ್ಯಾನೇಜರಿಗೆ ಹೇಳಿದೆ: "ಈ ಪೆಟಗಿ ಗಾಡಿ ಕಬ್ಬಣಕ್ಕ ತಾಗಬಾರದ್ರಿ. ಆ ರಬ್ಬರ್ ಯಾರೂ ಮುಟ್ಟಬಾರದು." ಅವನು ಯಾವುದೋ ಕಾಗದ ನೋಡುತ್ತ ಹೂಂ ಹೂಂ ಎಂದ. ಅದನ್ನು ನಾನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಬೇಕಿತ್ತು. ಅಂಟಿಸಲಿಲ್ಲ. ಇದು ನನ್ನ ತಪ್ಪು, ಮೊದಲೇ ಒಪ್ಪಿಕೊಳ್ಳುತ್ತೇನೆ.

ಎರಡು ತಿಂಗಳು ಒಂದು ತಕರಾರು ಇಲ್ಲ. ಸವಾರನಿಗೂ ಒಂದು ನಮೂನೆ ಹೆಸರು ಬಂತು. ಅವನ ಧ್ವನಿ ಕೇಳಿದರೆ ಕುಣಬಿಗಳ ದನಗಳೂ ಹಳ್ಳ ಬಿಟ್ಟು ಮೇಲೆ ಬರುತ್ತವೆ ಎಂದು ಲಾರಿ ಡ್ರೈವರುಗಳು ನಗುತ್ತಿದ್ದರು. ದಸರೆ ಮುಗಿದು ನಾಲ್ಕನೆಯ ದಿನ ಅದೇ ಡ್ರೈವರೊಬ್ಬ ಅಂಗಡಿಗೆ ಬಂದು, "ಮಷೀನ್ ಸುಟ್ಟೈತಿ. ಒಬ್ಬ ಹೆಣ್ಮಗಳಿಗೆ ಕಲ್ಲ ಬಡದೈತಿ. ಸವಾರನ್ನ ತಗದ ಹಾಕ್ಯಾರ. ಮ್ಯಾನೇಜರ್ ನಿಮ್ಮನ್ನ ಇವತ್ತ ಕರಕೊಂಡು ಬಾ ಅಂದಾರ" ಎಂದ. ಜೀವ ಹೋಗಿಲ್ಲವಲ್ಲ ಎಂದು ಕೇಳಿದೆ. ಇಲ್ಲ, ರಟ್ಟೆಯ ಎಲುಬು ಮುರಿದಿದೆ ಎಂದ. ಲಾರಿ ಹತ್ತಿ ಕೂತೆ. ದಾರಿಯುದ್ದಕ್ಕೂ ನನ್ನ ವಾಯರಿಂಗಿನ ಪ್ರತಿಯೊಂದು ಗಂಟನ್ನೂ ಮನಸ್ಸಿನಲ್ಲೇ ಬಿಚ್ಚಿ ನೋಡಿದೆ.

ಸೈಟಿನಲ್ಲಿ ಮ್ಯಾನೇಜರು ಚಹಾ ತರಿಸಿದ. ಹಿಂದೆಂದೂ ತರಿಸಿದವನಲ್ಲ. ಆಮೇಲೆ ಟೈಪು ಮಾಡಿಸಿದ್ದ ಒಂದು ಹಾಳೆ ಮುಂದಿಟ್ಟ. "ಮಧ್ಯಾಹ್ನ ಇಂಜಿನಿಯರ್ ಸಾಹೇಬ್ರು ಏನಾತು ಅಂತ ಚೌಕಶಿಗೆ ಬರ್ತಾರ. ನೀವು ಇದಕ್ಕೊಂದು ಸಹಿ ಹಾಕ್ರಿ, ನಿಮಗ ಏನೂ ತ್ರಾಸಿಲ್ಲ."

ಓದಿದೆ. ವಾಯರಿಂಗ್ ಕೆಲಸ ಉತ್ತಮವಾಗಿತ್ತು, ಸವಾರನು ಮಷೀನಿನಲ್ಲಿ ಹಾಡು ಹಚ್ಚಿ ಮನಬಂದಂತೆ ಬಳಸಿದ್ದರಿಂದ ಸುಟ್ಟಿದೆ, ಆ ದಿನ ಅವನು ಕೂಗಲು ಕೆಳಗೆ ಹೋಗಲೇ ಇಲ್ಲ, ಹೀಗೆ ಬರೆದಿತ್ತು. ಕೆಳಗೆ ನನ್ನ ಹೆಸರು ಟೈಪಾಗಿತ್ತು.

"ಅಂವ ಹೋಗಿಲ್ಲ ಅನ್ನೂದು ನನಗ ಹೆಂಗ ಗೊತ್ತಾಗಬೇಕ್ರಿ?" ಎಂದೆ.

"ಆ ಮಂದಿಗೆ ಮಷೀನಂದ್ರ ಏನು ತಿಳೀತೈತಿ ಮಿಸ್ತ್ರಿ? ಕುಣಿಯಾಕ ಹಚ್ಚು, ಕುಣೀತಾರ. ಸಹಿ ಮಾಡ್ರಿ."

ಮೈಯೆಲ್ಲ ಉರಿದುಹೋಯಿತು. ಮೂರು ಭಾಷೆಯಲ್ಲಿ ಊರನ್ನು ಎಚ್ಚರಿಸುವ ಮನುಷ್ಯನ ಬಗ್ಗೆ, ಒಂದು ಭಾಷೆಯಲ್ಲೂ ನೆಟ್ಟಗೆ ಮಾತಾಡಲು ಬಾರದವನು ಹೇಳಿದ ಮಾತು ಅದು. ಆದರೂ ಬಾಯಿ ಬಿಗಿಹಿಡಿದು, ಮೊದಲು ಗಾಡಿ ನೋಡುತ್ತೇನೆ ಎಂದೆ.

ಗಾಡಿ ಶೆಡ್ಡಿನಲ್ಲಿತ್ತು. ಸವಾರ ಹೊರಗೆ ಮರದ ಬುಡದಲ್ಲಿ ಕೂತಿದ್ದ. ಶೆಡ್ಡಿನ ಹತ್ತಿರ ಬರಬಾರದೆಂದು ಅಪ್ಪಣೆಯಾಗಿತ್ತಂತೆ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ. ನನ್ನನ್ನು ನೋಡಿ ಎದ್ದು ನಿಂತ.

ಮೋಟಾರ್ ಸೈಕಲ್ಲು ಮದುಮಗನಂತೆ ಹೊಳೆಯುತ್ತಿತ್ತು. ಟ್ಯಾಂಕಿಗೆ ಹೊಸ ಬಣ್ಣ, ಕುಂಕುಮದ ಬೊಟ್ಟು, ಬಾಡಿದ ಚೆಂಡು ಹೂವಿನ ಮಾಲೆ. ಅದರ ಹಿಂದೆ ಕರಗಿ ಕಪ್ಪಾದ ನನ್ನ ವಾಯರುಗಳು. ಸ್ವಿಚ್ಚಿನ ಹಿಡಿ ಮೇಲೆತ್ತಿದ ಕಡೆಗೇ ಕರಗಿ ಅಂಟಿಕೊಂಡಿತ್ತು. ಫ್ಯೂಸಿನ ಗೂಡಿನಲ್ಲಿ ಫ್ಯೂಸಿರಲಿಲ್ಲ, ಬಳೆಯ ದಪ್ಪದ ತಾಮ್ರದ ತಂತಿ ಇತ್ತು. ಬಗ್ಗಿ ಪೆಟ್ಟಿಗೆಯ ಕೆಳಗೆ ನೋಡಿದೆ. ಚಪ್ಪಲಿಯ ಬಿಲ್ಲೆಗಳು ಒಂದೂ ಇಲ್ಲ. ಪೆಟ್ಟಿಗೆಯ ತಗಡು ಕ್ಯಾರಿಯರಿನ ಕಬ್ಬಿಣಕ್ಕೆ ಅಂಟಿ ಕೂತಿತ್ತು, ಬೋಲ್ಟುಗಳಿಗೆ ಹೊಚ್ಚ ಹೊಸ ವಾಷರು ಬಿದ್ದಿದ್ದವು.

"ಇದರ ಕೆಳಗಿನ ರಬ್ಬರ್ ಎಲ್ಲಿ ಹೋತ್ರಿ?"

ಮ್ಯಾನೇಜರು ನನ್ನನ್ನೇ ಅಪರಾಧಿಯಂತೆ ನೋಡಿದ. "ಅದನ್ನ ನಾನ ನಿಮಗ ಕೇಳಬೇಕಂತ ಇದ್ದೆ. ದಸರಿ ಖಂಡೇ ಪೂಜಿಗೆ, ಆಯುಧ ಪೂಜಿಗೆ, ಗಾಡಿ ತೊಳಸಾಕ ಹಚ್ಚಿದ್ರ ಅದರಾಗ ಕೆರಾ. ಪೂಜಿಗೆ ಇಡೂ ಗಾಡ್ಯಾಗ ಕೆರಾ ತುಂಡು ಮಾಡಿ ಇಟ್ಟೀರಿ, ಅದೂ ಅವನ ಕಾಲಾಗಿಂದು. ನಾಚಿಕಿ ಬರಬೇಕು ನಿಮಗ. ತಗಸಿ ಒಗಸಿ, ನೀರು ಹಾಕಿಸಿ, ಆಮ್ಯಾಲ ಕಾಯಿ ಒಡದೀನಿ."

"ಮತ್ತ ಫ್ಯೂಸು?"

"ಹಬ್ಬದ ಮರುದಿನ ಹಚ್ಚಿದ ಕೂಡಲೇ ಫ್ಯೂಸ್ ಹೋತು. ಇಲ್ಲಿ ಫ್ಯೂಸ್ ಎಲ್ಲಿ ಸಿಗತೈತಿ? ಲಾರಿ ಫಿಟ್ಟರ್ ಕಡೆಯಿಂದ ಗಟ್ಟಿ ತಂತಿ ಹಾಕಿಸೇನಿ. ಕೆಲಸ ನಿಲ್ಲಬಾರದಲ್ಲ."

ಎಲ್ಲವನ್ನೂ ಅವನೇ ಹೇಳಿದ, ಹೆಮ್ಮೆಯಿಂದ ಹೇಳಿದ. ಫ್ಯೂಸು ಸತ್ತು ಎಚ್ಚರಿಕೆ ಕೊಟ್ಟಿತ್ತು. ಈ ಪುಣ್ಯಾತ್ಮ ಅದರ ಬಾಯಿಗೆ ತಾಮ್ರ ತುರುಕಿ ಮತ್ತೆ ಕಳಿಸಿದ್ದ. ಹೆಂಗಸಿನ ರಟ್ಟೆ ಮುರಿದದ್ದಕ್ಕೆ ಮಾತ್ರ ಸವಾರ ಹೊಣೆ.

ಮರದ ಬುಡಕ್ಕೆ ಹೋಗಿ ಸವಾರನ ಕೈಯ ಬಟ್ಟೆ ಬಿಚ್ಚಿಸಿ ನೋಡಿದೆ. ಅಂಗೈಗೆ ಅಡ್ಡಲಾಗಿ ಒಂದೇ ಗೆರೆ, ನನ್ನ ವಾಯರಿನ ದಪ್ಪಕ್ಕೇ ಸುಟ್ಟಿತ್ತು. ಅವನು ಹೇಳಿದ್ದು ಇಷ್ಟು: ಹಳ್ಳದ ಹತ್ತಿರ ಗಾಡಿ ನಿಲ್ಲಿಸಿ ಹಿಡಿ ಎತ್ತಿದೆ, ಭುಸ್ಸೆಂದು ಹೊಗೆ ಬಂತು, ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ಹತ್ತೀತೆಂದು ವಾಯರನ್ನು ಕೈಯಿಂದಲೇ ಕಿತ್ತೆ, ಆಮೇಲೆ ಗುಡಿಸಲು ಗುಡಿಸಲಿಗೆ ಓಡಿ ಬಾಯಿಯಿಂದಲೇ ಕೂಗಿದೆ. ಮೇಲಿನವರಿಗೆ ಇದಾವುದೂ ಗೊತ್ತಿಲ್ಲ. ಅವರು ಗಡಿಯಾರ ನೋಡಿ ನಾಲ್ಕೂವರೆಗೆ ಬತ್ತಿ ಹಚ್ಚಿದ್ದರು.

ಈಗ ನನ್ನ ಪಾಡು ನೋಡಿ. ಸಹಿ ಹಾಕಿದರೆ ನನ್ನ ಕೆಲಸ ಉತ್ತಮ ಎಂದು ಸರಕಾರಿ ಕಾಗದದಲ್ಲಿ ಬರುತ್ತದೆ, ಲಾರಿಗಳೂ ನನ್ನಲ್ಲೇ ಉಳಿಯುತ್ತವೆ. ಹಾಕದಿದ್ದರೆ, ಪೂಜೆಯ ಗಾಡಿಗೆ ಚಪ್ಪಲಿ ಇಟ್ಟವನು ನಾನೇ ಎಂದು ಹತ್ತು ಜನರೆದುರು ನಾನೇ ಹೇಳಬೇಕು. ಸ್ವಲ್ಪ ಹೊತ್ತು ನಿಂತು ಯೋಚಿಸಿದ್ದು ನಿಜ. ಧೈರ್ಯವಂತನೆಂದು ಬರೆದುಕೊಳ್ಳಲಾರೆ. ಆದರೆ "ಆ ಮಂದಿ" ಎಂಬ ಮಾತು ಕಿವಿಯಿಂದ ಹೋಗಲಿಲ್ಲ. ಹಾಳೆಯನ್ನು ಮಡಚಿ ಮ್ಯಾನೇಜರಿಗೆ ವಾಪಸು ಕೊಟ್ಟು, ಸಾಹೇಬರು ಬರುವುದರೊಳಗೆ ಮಷೀನು ಬಿಚ್ಚಿ ನೋಡುತ್ತೇನೆ ಎಂದೆ. ಅವನು ಚಹಾದ ಲೋಟ ತೆಗೆಸಿದ.

ಪೆಟ್ಟಿಗೆ ಬಿಚ್ಚಿದೆ. ಸುಟ್ಟದ್ದು ಮೈನಸ್ಸಿನ ವಾಯರು ಮತ್ತು ಸ್ವಿಚ್ಚು ಮಾತ್ರ, ಒಳಗೆ ಒಂದು ಬಿಡಿಭಾಗಕ್ಕೂ ಕುಂದಿರಲಿಲ್ಲ. ಹಾಡು ಹಚ್ಚಿ ಸುಟ್ಟಿದ್ದರೆ ಒಳಗಿನಿಂದ ಸುಡಬೇಕಿತ್ತು. ಕುದ್ದು ಹೋಗಿದ್ದ ಗಾಡಿಯ ಬ್ಯಾಟರಿಗಳನ್ನು ಬದಿಗಿಟ್ಟು ಲಾರಿಯಿಂದ ಹನ್ನೆರಡು ವೋಲ್ಟಿನ ಬ್ಯಾಟರಿ ಇಳಿಸಿಕೊಂಡೆ. ಪೆಟ್ಟಿಗೆಯನ್ನು ಗಾಡಿಯಿಂದ ಎತ್ತಿ ಒಂದು ಹಲಗೆಯ ಮೇಲಿಟ್ಟೆ. ಪ್ಲಸ್ಸು ಗಾಡಿಯ ಚೌಕಟ್ಟಿಗೆ, ಮೈನಸ್ಸು ಪೆಟ್ಟಿಗೆಗೆ, ನಡುವೆ ಸರಿಯಾದ ಫ್ಯೂಸು. ಎಲ್ಲ ಮೊದಲಿದ್ದಂತೆಯೇ.

ಇಂಜಿನಿಯರರು ಜೀಪಿನಲ್ಲಿ ಬಂದರು. ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು. ಮ್ಯಾನೇಜರು ತನ್ನ ಕಥೆ ಹೇಳಿ ಮುಗಿಸಲು ಬಿಟ್ಟು ನಾನು ಮುಂದೆ ಹೋದೆ. ಲಾರಿಯ ಒಂದು ಬಲ್ಬಿಗೆ ಎರಡು ವಾಯರು ಕಟ್ಟಿಕೊಂಡಿದ್ದೆ. ಒಂದು ತುದಿಯನ್ನು ಪೆಟ್ಟಿಗೆಗೆ, ಇನ್ನೊಂದನ್ನು ಗಾಡಿಯ ಕಬ್ಬಿಣಕ್ಕೆ ಮುಟ್ಟಿಸಿದೆ. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು.

"ಈ ಎರಡರ ನಡುವ ಪೂರಾ ಹನ್ನೆರಡು ವೋಲ್ಟ್ ನಿಂತೈತ್ರಿ ಸಾಹೇಬ್ರ. ನಾನು ನಡುವ ಚಪ್ಪಲಿ ರಬ್ಬರ್ ಇಟ್ಟಿದ್ದೆ. ಅದನ್ನ ತಗದು ತಗಡಿಗೆ ತಗಡು ಕೂಡಿಸ್ಯಾರ." ಹಾಗೆಂದು ಪೆಟ್ಟಿಗೆಯ ಮೂಲೆಯನ್ನು ಕ್ಯಾರಿಯರಿಗೆ ತಾಗಿಸಿದೆ. ಚಟ್ಟನೆ ಕಿಡಿ ಹಾರಿ ಫ್ಯೂಸು ಹೋಯಿತು. ಸುಟ್ಟ ಫ್ಯೂಸನ್ನೂ ಮ್ಯಾನೇಜರಿನ ತಾಮ್ರದ ತಂತಿಯನ್ನೂ ಅವರ ಅಂಗೈಯಲ್ಲಿಟ್ಟೆ.

ಚಪ್ಪಲಿ ಎಂದ ಕೂಡಲೇ ಸುತ್ತ ನಿಂತವರಲ್ಲಿ ಗುಸುಗುಸು ಎದ್ದಿತು. ಅಂಗಡಿಗೆ ಬಂದಾಗಲೆಲ್ಲ ನನ್ನ ಜೊತೆ ಬೀಡಿ ಸೇದುತ್ತಿದ್ದ ಲಾರಿ ಫಿಟ್ಟರನೂ ಎರಡು ಹೆಜ್ಜೆ ಹಿಂದೆ ಸರಿದ. ಮ್ಯಾನೇಜರು ಅದನ್ನೇ ಹಿಡಿದ. "ತಗದಾವ ಯಾರು ಕೇಳ್ರಿ ಸಾಹೇಬ್ರ. ಅವನ ತಗದಾನ, ಅವನ ಕೈಯಿಂದನ."

"ನೀನೇ ತೆಗೆದೆಯೇನಪ್ಪ?" ಎಂದು ಇಂಜಿನಿಯರರು ಸವಾರನನ್ನು ಕೇಳಿದರು.

"ಹೌದ್ರಿ, ನಾನ ತಗದೆ" ಎಂದ ಸವಾರ. ಇನ್ನೇನೋ ಹೇಳಲು ಬಾಯಿ ತೆರೆದ. "ಕೇಳಿದ್ರಲ್ರಿ" ಎಂದು ಮ್ಯಾನೇಜರು ನಡುವೆ ಬಾಯಿ ಹಾಕಿದ, ಮಾತು ಅಲ್ಲಿಗೇ ನಿಂತಿತು.

ಸ್ವಿಚ್ಚಿನ ಹಿಡಿ ಮೇಲೆತ್ತಿದ ಕಡೆ ಕರಗಿದ್ದನ್ನು ತೋರಿಸಿದೆ. ಅವನು ಕೂಗಲು ಹಿಡಿ ಎತ್ತಿಯೇ ಇದ್ದ ಎಂದೆ. "ಎತ್ತಿರಬಹುದು, ಇಲ್ಲೇ ಶೆಡ್ಡಿನಲ್ಲಿ ಎತ್ತಿರಬಹುದಲ್ಲ? ಕೆಳಗೆ ಹೋಗಿದ್ದ ಅನ್ನೋದಕ್ಕೆ ಏನು ಸಾಕ್ಷಿ?" ಎಂದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ವಾಯರು ಅಷ್ಟು ದೂರ ಮಾತ್ರ ಸಾಕ್ಷಿ ಹೇಳಬಲ್ಲದು. ಆಗ ನನಗೆ ಹೊಳೆದದ್ದು, ಹೊಳೆದ ಕೂಡಲೇ ಕೆಟ್ಟ ಸಿಟ್ಟು ತರಿಸಿದ್ದು ಒಂದೇ ವಿಷಯ. ಕಲ್ಲು ಬಿದ್ದದ್ದು ಕೆಳಗಿನವರ ಮೇಲೆ, ಆದರೆ ಇಷ್ಟು ದಿನದಿಂದ ಕೆಳಗಿನವರನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

"ಅವರನ್ನೇ ಕೇಳ್ರಿ ಸಾಹೇಬ್ರ. ಮಷೀನು ನಡೀತೈತಿ" ಎಂದೆ.

"ಹಾಗಾದರೆ ನೀವೇ ಕರೆಯಿರಿ. ಅವನು ಬೇಡ" ಎಂದರು.

ಹೊಸ ಫ್ಯೂಸು ಹಾಕಿ ಮೈಕು ಹಿಡಿದೆ. ಎಷ್ಟೋ ಮೈಕಿಗೆ ವಾಯರು ಕಟ್ಟಿದ ನಾನು ಒಂದರಲ್ಲೂ ಮಾತಾಡಿದವನಲ್ಲ. ಆ ದಿನ ಸವಾರನನ್ನು ಕಂಡವರು ಮೇಲೆ ಬನ್ನಿ, ಸಾಹೇಬರು ಕೇಳುತ್ತಾರೆ ಎಂದು ಕನ್ನಡದಲ್ಲಿ ಒಮ್ಮೆ, ನನ್ನ ಹರಕು ಕೊಂಕಣಿಯಲ್ಲಿ ಒಮ್ಮೆ ಕೂಗಿದೆ.

ಬಹಳ ಹೊತ್ತು ಯಾರೂ ಬರಲಿಲ್ಲ. ಮ್ಯಾನೇಜರು ಗಡಿಯಾರ ನೋಡಿಕೊಂಡು ನಕ್ಕ. ಆಮೇಲೆ ಹಾದಿಯ ತಿರುವಿನಲ್ಲಿ ಜನ ಕಂಡರು. ಹತ್ತು ಹನ್ನೆರಡು ಮಂದಿ. ಮುಂದೆ ಒಬ್ಬ ಕುಣಬಿ ಹೆಂಗಸು, ರಟ್ಟೆಗೆ ಬಿದಿರಿನ ದಬ್ಬೆ ಕಟ್ಟಿ ಸೀರೆಯ ಚೂರಿನಲ್ಲಿ ತೂಗಿಕೊಂಡಿದ್ದಳು. ಅವಳ ಕೊಂಕಣಿಯನ್ನು ನಾನು ಇಂಜಿನಿಯರರಿಗೆ ಕನ್ನಡ ಮಾಡಿ ಹೇಳಿದೆ. ಅವಳ ಮಾತು ಇದು: ಸವಾರ ಬಂದಿದ್ದ. ಭೋಂಗಾ ಇರಲಿಲ್ಲ, ಬಾಯಿಯಿಂದ ಕೂಗುತ್ತ ಓಡುತ್ತಿದ್ದ, ಕೈ ಸುಟ್ಟಿತ್ತು. ನಾವು ಓಡಿದೆವು. ನಾನು ಕೊಡ ಮರೆತೆನೆಂದು ತಿರುಗಿ ಹಳ್ಳಕ್ಕೆ ಹೋದೆ. ಕಲ್ಲು ಬಡಿಯಿತು. ಅವನೇ ಬಂದು ಹೊತ್ತುಕೊಂಡು ಹೋದ. ಇಷ್ಟು ಹೇಳಿ, "ಇದನ್ನು ಯಾಕೆ ಈಗ ಕೇಳುತ್ತಿದ್ದೀರಿ?" ಎಂದು ಅವಳೇ ನಮ್ಮನ್ನು ಕೇಳಿದಳು. ಆ ಪ್ರಶ್ನೆಯನ್ನೂ ನಾನು ಕನ್ನಡ ಮಾಡಿದೆ.

ಇಂಜಿನಿಯರರು ಜೀಪಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಬರೆದರು, ಅವಳ ಹೆಬ್ಬೆಟ್ಟು ಹಾಕಿಸಿದರು, ನನ್ನ ಸಹಿಯನ್ನೂ ಹಾಕಿಸಿದರು. ಸವಾರನನ್ನು ತೆಗೆಯಬಾರದು, ಇನ್ನು ಮುಂದೆ ಭೋಂಗಾ ಕೂಗಿ ಸವಾರ ಮೇಲೆ ಬಂದು ಬಾವುಟ ತೋರಿಸುವವರೆಗೆ ಬತ್ತಿ ಹಚ್ಚಬಾರದು ಎಂದರು. ಮ್ಯಾನೇಜರು ಎಲ್ಲದಕ್ಕೂ ತಲೆಯಾಡಿಸಿದ. ಸವಾರನ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ. ತಪ್ಪಾಯಿತು ಎನ್ನುವುದು ದೂರದ ಮಾತು. ಜೀಪು ಹೊರಟ ಮೇಲೆ ನನಗೆ, "ಇದು ಮುಗಿಸಿ ನಡೀರಿ. ಲಾರಿ ಇನ್ನ ಮ್ಯಾಲ ರಿಪೇರಿಗೆ ಹಳಿಯಾಳಕ್ಕ ಹೋಗ್ತಾವ" ಎಂದ. ಹೋಗಲಿ ಎಂದೆ. ಆ ಸಿಟ್ಟು ಇಷ್ಟು ವರ್ಷವಾದರೂ ಆರಿಲ್ಲ, ಲಾರಿಗಳಿಗಾಗಿ ಅಲ್ಲ.

ಮರುದಿನ ಹೊಸ ಸ್ವಿಚ್ಚು, ಬ್ಯಾಟರಿ, ಹಳಿಯಾಳದಿಂದ ತಂದ ದಪ್ಪ ರಬ್ಬರು ಹಾಕಿ ಪೆಟ್ಟಿಗೆ ಬಿಗಿದೆ. ಸವಾರ ಎಡಗೈಯಲ್ಲಿ ಪಾನಾ ಹಿಡಿದು ನನಗೆ ನೆರವಾಗುತ್ತಿದ್ದ. ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. "ತಪ್ಪು ನಂದೂ ಐತಿ ತಮ್ಮಾ. ತಗದ್ರ ಏನಾಕ್ಕೈತಿ ಅಂತ ಅವತ್ತ ನಿನಗ ಬಿಡಿಸಿ ಹೇಳಿದ್ದರ ನೀ ತಗೀತಿರಲಿಲ್ಲ."

"ನೀವು ಹೇಳಿದ್ರಿ ಅಣ್ಣಾ. ಮ್ಯಾನೇಜರ್‌ಗೆ ಹೇಳುಮುಂದ ನಾ ಅಲ್ಲೇ ನಿಂತಿದ್ದೆ" ಎಂದ. "ಪೂಜಿ ದಿನ ನಾನೂ ಎರಡ ಸಲ ಹೇಳಿದೆ. ಮಿಸ್ತ್ರಿ ಇಟ್ಟಾರ್ರಿ, ತಗದ್ರ ಸುಡತೈತ್ರಿ ಅಂತ. ನಿನ್ನ ಕೆರಾ ನೀನ ತಗೀ ಅಂದ್ರು, ತಗದೆ."

"ಮತ್ತ ನಿನ್ನೆ ಸಾಹೇಬ್ರ ಮುಂದ ಯಾಕ ಹೇಳಲಿಲ್ಲ?"

ಅವನು ನಟ್ಟು ಬಿಗಿದು ಮುಗಿಸಿದ. "ತಗದ್ಯೇನು ಅಂತ ಕೇಳಿದ್ರು, ಹೌದು ಅಂದೆ. ಯಾಕ ತಗದಿ ಅಂತ ಯಾರು ಕೇಳಿದ್ರು ಅಣ್ಣಾ? ನಾ ಮೈಕಿನ್ಯಾಗ ಮಾತಾಡಿದ್ರ ಹಳ್ಳದ ಆಚಿ ಮಂದಿಗೂ ಕೇಳಸ್ತೈತಿ. ಎದುರಿಗೆ ನಿಂತು ಹೇಳಿದ್ದು ಮಾತ್ರ ಯಾರಿಗೂ ಕೇಳಸೂದಿಲ್ಲ."

ಅವನು ಸುಟ್ಟ ಕೈಗೆ ಬಟ್ಟೆ ಬಿಗಿದುಕೊಂಡು ಗಾಡಿಗೆ ಕಿಕ್ ಹೊಡೆದ. ನಾಲ್ಕು ಗಂಟೆಯಾಗಿತ್ತು, ಅವನು ಕೂಗಲು ಕೆಳಗೆ ಹೋದ.